ಒಣ ಸೌಟಿನ ಒಗ್ಗರಣೆ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದ್ರೆ ಮೊದಲು ಕೇಳೋದು ರಜದ ಮಾತು. "ಅಮ್ಮಾ, ನಿಮ್ಮ ಕಾಲದಲ್ಲಿ ರಜ ಕೊಡ್ತಿದ್ರಾ?" ಕೊಡ್ತಿದ್ರು ಕಣ್ರೇ. ತಗೊಂಡು ಹೋಗೋಕೆ ನನಗೆ ಮನೆ ಎಲ್ಲಿತ್ತು? ಯಾವಾಗ ಸಿಸ್ಟರ್ ಆದೆ, ಯಾವಾಗ ಸಂಬಳ ಏರಿತು ಅನ್ನೋದನ್ನೂ ಬಿಡಿ. ಬಡ್ತಿ ಬಂದ ದಿನ ಒಂದು ಲೋಟ ಕಾಫಿ ನಾನೇ ಮಾಡಿ ನಾನೇ ಕುಡಿದೆ, ಅಲ್ಲಿಗೆ ಅದು ಮುಗೀತು. ನಾನಿಲ್ಲಿ ಬರೀತಿರೋದು ಎದೆನೋವಿನವರ ಮಾತು, ತುಪ್ಪ ಎಣ್ಣೆಯ ಮಾತು. ನಿಮ್ಮ ಪುಸ್ತಕದಲ್ಲಿ 'ಕೊಬ್ಬು ಕಡಿಮೆ ಮಾಡಿಸಿ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಆ ಒಂದು ಸಾಲನ್ನ ಒಬ್ಬ ಹೆಂಗಸಿನ ಅಡುಗೆಮನೆಯೊಳಕ್ಕೆ ತಗೊಂಡು ಹೋಗಿ ನೋಡಿ, ಆಮೇಲೆ ಮಾತಾಡೋಣ.

ನನ್ನ ವಿಷಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಕೇಳೋದು ಬೇಡ, ನಾನು ಮುಜುಗರ ಪಡೋದು ಬೇಡ. ಮದುವೆಯಾದ ಎರಡನೇ ವರ್ಷಕ್ಕೆ ನನ್ನ ಗಂಡ ವಿಷಮಜ್ವರ ಬಂದು ತೀರಿಕೊಂಡ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅತ್ತೆಮನೆಯಲ್ಲಿ ಆ ದಿನಗಳಲ್ಲಿ ಯಾರು ಬಂದ್ರು, ಯಾರು ಏನಂದ್ರು, ಒಂದೂ ನೆನಪಿಲ್ಲ. ನೆನಪಿರೋದು ಆ ಸಾರು ಒಂದೇ. ನಮ್ಮ ಕಡೆ ಸಾವಾದ ಮನೇಲಿ ತಿಥಿ ಆಗೋವರೆಗೆ ಅಡುಗೆಗೆ ಒಗ್ಗರಣೆ ಹಾಕಲ್ಲ. ಎಣ್ಣೆ ಕಾಯಿಸಲ್ಲ, ಸಾಸಿವೆ ಸಿಡಿಸಲ್ಲ. ಬೇಳೆ ಬೇಯಿಸಿದ ನೀರಿಗೆ ಉಪ್ಪು ಹುಳಿ ಖಾರ, ಅಷ್ಟೇ. ಅದನ್ನ ಬಾಯಿಗಿಟ್ಟಾಗಲೇ ನನಗೆ ಗಂಡ ಹೋಗಿದ್ದು ಗೊತ್ತಾಗಿದ್ದು. ಅಪ್ಪ ನನ್ನನ್ನ ವಾಪಸ್ ಕರ್ಕೊಂಡು ಬಂದು ನರ್ಸ್ ತರಬೇತಿಗೆ ಸೇರಿಸಿದ. ಊರಿನವರು ಉಗಿದ್ರು, ಅಪ್ಪ ಕೇಳಿಸಿಕೊಳ್ಳಲಿಲ್ಲ.

ಮೊದಲು ಹಾಕಿದ್ದು ಕಡೂರಿಗೆ. ಐವತ್ತರ ದಶಕ ಅರ್ಧ ಕಳೆದಿತ್ತು. ಎರಡು ವಾರ್ಡು, ಒಂದು ಡ್ರೆಸಿಂಗ್ ರೂಮು, ಮುಂದೆ ಬೇವಿನ ಮರ. ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟ್ರಿದ್ರು. ಊರೆಲ್ಲ ಅವರನ್ನ ದೊಡ್ಡ ಡಾಕ್ಟ್ರು ಅಂತಿತ್ತು. ಕೋಪ ಮೂಗಿನ ತುದೀಲೇ. ನಾನು ಥರ್ಮಾಮೀಟರ್ ಒಡೆದ ದಿನ "ಇದೇನು ನಿಮ್ಮಪ್ಪನ ಮನೆ ಬಳೆ ಅಂದ್ಕೊಂಡ್ಯಾ?" ಅಂತ ವಾರ್ಡೆಲ್ಲ ಕೇಳೋ ಹಾಗೆ ಬೈದ್ರು. ಸಂಜೆ ಅವರೇ ಬಂದು "ಊಟ ಮಾಡಿದ್ಯೇನಮ್ಮಾ?" ಅಂದ್ರು. ಅವರ ಕೈಲಿ ಯಾವ ರೋಗಕ್ಕೂ ಕೊನೇ ಔಷಧಿ ತುಪ್ಪ. ಬಾಣಂತಿಗೆ ತುಪ್ಪ, ಒಣಕೆಮ್ಮಿಗೆ ತುಪ್ಪ, ಎದೆ ಹಿಡಿದುಕೊಂಡು ಬಂದೋರಿಗೂ ತುಪ್ಪ. "ಗಾಡಿ ಕೀಲಿಗೆ ಎಣ್ಣೆ ಬಿಡಲ್ವಾ? ಹಾಗೇ ಇದೂನೂ" ಅನ್ನೋರು.

ಅವರನ್ನ ನೋಡಿ ನಗಬೇಡಿ. ಪಂಚನಹಳ್ಳಿ, ದೇವನೂರು ಕಡೆಯಿಂದ ಬರ್ತಿದ್ದ ಜನಕ್ಕೆ ಮುದ್ದೆ, ಉಪ್ಪೆಸರು ಬಿಟ್ರೆ ಬೇರೆ ಗೊತ್ತಿರಲಿಲ್ಲ. ತುಪ್ಪ ಕಾಣ್ತಿದ್ದದ್ದು ಹಬ್ಬಕ್ಕೆ. ಪಂಚನಹಳ್ಳಿಯ ಒಬ್ಬಳು ಬಾಣಂತೀನ ಗಾಡೀಲಿ ಹಾಕ್ಕೊಂಡು ಬಂದಿದ್ರು, ಕಣ್ಣಿನ ರೆಪ್ಪೆ ಮಡಿಸಿ ನೋಡಿದ್ರೆ ಒಳಗೆ ಕೆಂಪು ಅನ್ನೋದೇ ಇಲ್ಲ. ದೊಡ್ಡ ಡಾಕ್ಟ್ರು ಔಷಧಿ ಜತೆಗೆ ತಮ್ಮ ಮನೆಯಿಂದ ದಿನಾ ತುಪ್ಪ ಅನ್ನ ಕಳಿಸಿದ್ರು. ಅವಳು ತಾನೇ ನಡಕೊಂಡು ಮನೆಗೆ ಹೋದಳು. ಅದನ್ನ ಕಣ್ಣಾರೆ ನೋಡಿದ ನಾನು ತುಪ್ಪ ಅಂದ್ರೆ ಅಮೃತ ಅಂತಲೇ ನಂಬಿದೆ.

ಅದೇ ವಾರ್ಡಿಗೆ ಮಂಡಿ ವ್ಯಾಪಾರದ ಒಬ್ಬ ಸಾಹುಕಾರ ಎದೆನೋವು ಅಂತ ಬಂದು ಮಲಗಿದ. ಆತನಿಗೂ ಅದೇ ಅಪ್ಪಣೆ: ಸುಸ್ತಾಗಿದೆ, ತುಪ್ಪ ಹಾಕಿ ಊಟ ಕೊಡಿ. ಗುಣವಾಗಿ ಹೋದ. ಕೆಲವು ತಿಂಗಳಾದ ಮೇಲೆ ಯಾರದೋ ಮದುವೆ ಊಟದಲ್ಲಿ, ಎಲೆ ಮುಂದೆಯೇ ಒರಗಿಬಿಟ್ಟನಂತೆ. ದೊಡ್ಡ ಡಾಕ್ಟ್ರು ಸುದ್ದಿ ಕೇಳಿ "ಅವನ ಆಯುಸ್ಸು ಅಷ್ಟೇ ಇತ್ತು" ಅಂದ್ರು. ನಾವೂ ಹೌದು ಅಂದ್ವಿ. ಆಗ ಗೊತ್ತಿದ್ದದ್ದೇ ಅಷ್ಟು.

ಕಡೂರಿಂದ ತರೀಕೆರೆಗೆ ವರ್ಗ ಆಯ್ತು. ಅಲ್ಲಿ ನನ್ನ ಮೇಲೆ ಒಬ್ಬರು ಸಿಸ್ಟರ್ ಇದ್ರು. ಹಾಸಿಗೆ ಮೇಲಿನ ಸುಕ್ಕು ಅವರಿಗೆ ಶತ್ರು. ರೋಗಿ ಮಂಚದ ಮೇಲೆ ನರ್ಸ್ ಕೂತದ್ದು ಕಂಡ್ರೆ ಮುಗೀತು ಕತೆ. ಆ ಕಾಲದಲ್ಲಿ ಹೃದಯಾಘಾತ ಆದೋರನ್ನ ಆರು ವಾರ ಮಲಗಿಸಿಬಿಡ್ತಿದ್ರು. ಮಲಗಿಸೋದು ಅಂದ್ರೆ ನಿಮಗೆ ಈಗ ಗೊತ್ತಾಗಲ್ಲ. ತಾನಾಗಿ ಮಗ್ಗುಲು ಬದಲಿಸೋ ಹಾಗಿಲ್ಲ, ಲೋಟ ಎತ್ತೋ ಹಾಗಿಲ್ಲ, ನೆಂಟರು ಬರೋ ಹಾಗಿಲ್ಲ. ಈಗ ನೋಡಿದ್ರೆ ಮೂರ್ನಾಲ್ಕು ದಿನಕ್ಕೆ ಎಬ್ಬಿಸಿ ವರಾಂಡದಲ್ಲಿ ನಡೆಸ್ತಾರೆ. ಆಗ ಹಾಗೆ ನಡೆಸಿದ್ರೆ ನಮ್ಮ ಸಿಸ್ಟರ್ ನನ್ನನ್ನೇ ಊರು ಬಿಟ್ಟು ನಡೆಸ್ತಿದ್ರು.

ಹಾಗೆ ಮಲಗಿದವರಲ್ಲಿ ಒಬ್ಬರು ಸ್ಕೂಲ್ ಮೇಷ್ಟ್ರು. ಪಾಪ, ಅವರಿಗೆ ಕಾಣ್ತಿದ್ದದ್ದು ಹೆಂಚಿನ ಸೂರು ಒಂದೇ. ಕಿಟಕಿ ಅವರ ತಲೆ ಹಿಂದಕ್ಕಿತ್ತು. "ನರ್ಸಮ್ಮಾ, ಬೀದೀಲಿ ಏನು ಹೋಗ್ತಾ ಇದೆ?" ಅಂತ ಮೆಲ್ಲಗೆ ಕೇಳೋರು. ನಾನು ಗಂಜಿ ಕುಡಿಸ್ತಾ ಹೇಳೋಳು: ಲಕ್ಕವಳ್ಳಿ ಬಸ್ ಹೋಯ್ತು, ಎರಡು ಎಮ್ಮೆ ಹೋದ್ವು, ಒಬ್ಬ ಕೋಳಿ ಹಿಡ್ಕೊಂಡು ಓಡ್ತಿದಾನೆ. ಏನೂ ಹೋಗದಿದ್ದಾಗ ನಾನೇ ಕಟ್ಟಿ ಹೇಳ್ತಿದ್ದೆ. ಒಂದು ಸಲ ಆನೆ ಹೋಯ್ತು ಅಂದೆ, ಅವರು ನಕ್ಕಿದ್ದು ಸಿಸ್ಟರಿಗೆ ಕೇಳಿಸಿ ನನಗೆ ಸಹಸ್ರನಾಮ ಆಯ್ತು. ಮೇಷ್ಟ್ರು ಬದುಕಿದ್ರು. ಆಮೇಲೊಂದು ದಿನ ಸಂತೇಲಿ ನನ್ನ ಎದುರಿಗೇ ಬಂದ್ರು, ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವರು ನೋಡಿದ್ದು ಸೂರನ್ನ ತಾನೇ, ನನ್ನನ್ನಲ್ಲ. ಮಾತಾಡಿದ್ರೆ ಧ್ವನಿಯಿಂದ ಗೊತ್ತಾಗ್ತಿತ್ತೇನೋ. ನಾನು ಬದನೇಕಾಯಿ ಆರಿಸ್ತಾ ಸುಮ್ಮನಿದ್ದೆ. ನಮ್ಮ ಕೆಲಸದಲ್ಲಿ ಇದಕ್ಕೆ ಬೇಜಾರು ಮಾಡ್ಕೋಬಾರದು ಅಂತ ಹೇಳ್ತಾರೆ. ನನಗೆ ಬೇಜಾರಾಯ್ತು.

ಅರವತ್ತರ ದಶಕದ ಶುರುವಿಗೆ ಅಜ್ಜಂಪುರಕ್ಕೆ ಬಂದೆ. ಕ್ವಾರ್ಟರ್ಸ್ ಅನ್ನೋದು ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆ ಹಿತ್ತಲಿಗೆ ಸೊಂಟದೆತ್ತರದ ಮಣ್ಣಿನ ಗೋಡೆ, ಅದರಾಚೆಗೆ ಸಣ್ಣರಂಗಪ್ಪನ ಮನೆ ಹಿತ್ತಲು. ಸಣ್ಣರಂಗಪ್ಪ ಬೆಣ್ಣೆ ವ್ಯಾಪಾರದವನು. ಸುತ್ತಿನ ಹಳ್ಳಿ ಹೆಂಗಸರು ತರೋ ಬೆಣ್ಣೆ ಕೊಂಡು, ಮನೇಲೇ ಕಾಯಿಸಿ, ತುಪ್ಪ ಮಾಡಿ ಡಬ್ಬ ತುಂಬಿ ರೈಲಿಗೆ ಹಾಕೋನು. ಕಾಯಿಸ್ತಿದ್ದದ್ದು ಅವನ ಹೆಂಡತಿ ಕೆಂಚಮ್ಮ. ಆ ಮನೆ ಕಂಬ ಮುಟ್ಟಿದ್ರೂ ಕೈಗೆ ತುಪ್ಪದ ವಾಸನೆ ಹತ್ತೋದು. ಇಬ್ಬರಿಗೂ ಐವತ್ತರ ಆಸುಪಾಸು, ಮಕ್ಕಳಿಲ್ಲ. ಒಬ್ಬರಿಗೊಬ್ಬರು ದಿನವಿಡೀ ಜಗಳ ಆಡೋರು, ಅದು ಪ್ರೀತಿ ಅಂತ ಗೊತ್ತಾಗೋಕೆ ನನಗೆ ಸ್ವಲ್ಪ ಕಾಲ ಹಿಡೀತು.

ಮೊದಲ ವರ್ಷ ನನಗೂ ಅವರಿಗೂ ಮಾತಿರಲಿಲ್ಲ. ನರ್ಸ್ ಅಂದ್ರೆ ಹೆಣ ಮುಟ್ಟಿದೋಳು, ಮೇಲೆ ಗಂಡ ಸತ್ತೋಳು. ಬೇಕಾದಾಗ "ಅಮ್ಮಾ, ತಾಯೀ" ಅಂತ ಕಾಲಿಗೆ ಬೀಳ್ತಾರೆ, ಹಬ್ಬದ ದಿನ ಬಾಗಿಲಲ್ಲಿ ಕಂಡ್ರೆ ಮುಖ ಆ ಕಡೆ ತಿರುಗಿಸ್ತಾರೆ. ಕೋಪ ಬರ್ತಿತ್ತು, ಆಮೇಲಾಮೇಲೆ ಅದೂ ಬರೋದು ನಿಂತ್ಹೋಯ್ತು. ಡ್ಯೂಟಿ ಮುಗಿಸಿ ಬಂದು ಒಂದು ಹಿಡಿ ಅಕ್ಕಿ, ಒಂದು ಚೂರು ಬೇಳೆ ಬೇಯಿಸಿಕೊಂಡು, ಉಪ್ಪು ಹುಳಿ ಹಾಕ್ಕೊಂಡು ಉಂಡು ಮಲಗೋಳು. ಒಬ್ಬಳಿಗೋಸ್ಕರ ಯಾರು ಎಣ್ಣೆ ಕಾಯಿಸ್ತಾರೆ? ದೀಪಕ್ಕೆ ಬಿಟ್ರೆ ನನ್ನ ಮನೇಲಿ ಎಣ್ಣೆಯೇ ಇರಲಿಲ್ಲ, ದೀಪಕ್ಕೂ ಸೀಮೆಎಣ್ಣೆ.

ಒಂದು ಸಂತೆ ದಿನ ಸಣ್ಣರಂಗಪ್ಪ ಬೆಣ್ಣೆ ಉಂಡೆ ಕೈಲಿಟ್ಟುಕೊಂಡೇ ಕುಸಿದುಬಿದ್ದ. ಆಸ್ಪತ್ರೆಗೆ ಹೊತ್ತು ತಂದ್ರು. ಆಗ ನಮ್ಮಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟ್ರು ಬಂದಿದ್ರು, ಓದು ಮುಗಿಸಿ ಹೊಸದು. ಒಳ್ಳೇ ಮನುಷ್ಯ, ಆದ್ರೆ ಹಳ್ಳಿ ಜನ ಏನು ತಿಂತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಸಣ್ಣರಂಗಪ್ಪನ್ನ ಉಳಿಸಿದ್ರು, ಬೆಂಗಳೂರಿಗೆ ಕಳಿಸಿ ಎದೆಯ ಗ್ರಾಫು ತೆಗೆಸಿದ್ರು, ವಾಪಸ್ ಬಂದಾಗ ಎದುರಿಗೆ ಕೂರಿಸಿಕೊಂಡು ವಿವರವಾಗಿ ಹೇಳಿದ್ರು. "ರಕ್ತದಲ್ಲಿ ಕೊಬ್ಬು ಹೆಚ್ಚಾದ್ರೆ ಹೃದಯಕ್ಕೆ ರಕ್ತ ಒಯ್ಯೋ ನಾಳದ ಗೋಡೆಗೆ ಅಂಟಿಕೊಳ್ತಾ ಹೋಗುತ್ತೆ. ದಾರಿ ಕಿರಿದಾಗುತ್ತೆ. ಇನ್ಮೇಲೆ ತುಪ್ಪ, ಎಣ್ಣೆ ಮುಟ್ಟಬೇಡಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ."

ಸಣ್ಣರಂಗಪ್ಪ ಗಮನವಿಟ್ಟು ಕೇಳಿದ. "ಚಳಿಗಾಲದಲ್ಲಿ ಡಬ್ಬದೊಳಗೆ ತುಪ್ಪ ಗಟ್ಟಿಯಾಯ್ತದಲ್ಲ, ಹಂಗಾ ಸ್ವಾಮಿ?"

"ಹಾಗೇ ಅಂದ್ಕೊಳ್ಳಿ" ಅಂದ್ರು ಡಾಕ್ಟ್ರು.

ಆ ಮಾತು ಹೇಳಬಾರದಾಗಿತ್ತು. ಯುಗಾದಿ ಬಿಸಿಲಲ್ಲಿ ಈ ಮನುಷ್ಯ ಎದೆಗೆ ಕಂಬಳಿ ಸುತ್ತಿಕೊಂಡು ಒಲೆ ಮುಂದೆ ಕೂರೋಕೆ ಶುರು ಮಾಡಿದ. ಗೋಡೆಯಾಚೆಯಿಂದ ನೋಡಿ "ಇದೇನ್ರೀ ಗೌಡ್ರೇ, ಜ್ವರವಾ?" ಅಂದೆ. "ಇಲ್ಲ ಕಣಮ್ಮಾ, ಒಳಗಿರೋ ತುಪ್ಪ ಕರಗ್ಲಿ ಅಂತ" ಅಂದ. ಬೆವರು ಧಾರಾಕಾರ ಸುರೀತಿತ್ತು. ಗೋಡೆ ದಾಟಿ ಹೋಗಿ ಕಂಬಳಿ ಕಿತ್ತು ಬಿಸಾಡಿ ಬಂದೆ.

ಅದಾಗಿ ಸ್ವಲ್ಪ ದಿನಕ್ಕೆ ಮತ್ತೆ ಎದೆನೋವು. ಡಾಕ್ಟ್ರು ಮನೆಗೇ ಹೋದ್ರು, ಜತೆಗೆ ನಾನು. ಸಣ್ಣರಂಗಪ್ಪ ಊಟಕ್ಕೆ ಕೂತಿದ್ದ. ರಾಗಿರೊಟ್ಟಿ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ.

"ಏನ್ರೀ ಇದು!" ಡಾಕ್ಟ್ರು ಕೂಗಿಬಿಟ್ರು.

"ತುಪ್ಪ ಬಿಟ್ಬಿಟ್ಟೆ ಸ್ವಾಮಿ, ದೇವರಾಣೆಗೂ ಬಿಟ್ಬಿಟ್ಟೆ. ಇದು ಬೆಣ್ಣೆ."

"ಬೆಣ್ಣೆ ಕಾಯಿಸಿದ್ರೆ ತಾನೇ ತುಪ್ಪ?"

"ಕಾಯಿಸಿಲ್ವಲ್ಲಾ! ತುಪ್ಪ ಉಷ್ಣ, ಬೆಣ್ಣೆ ತಂಪು. ಎದೆ ಉರೀತಿತ್ತು, ಅದ್ಕೇ ಸ್ವಲ್ಪ ಜಾಸ್ತಿ ಹಾಕ್ಕೊಂಡೆ" ಅಂದ. ಅಂಗಿ ಬಿಚ್ಚಿಸಿ ಸ್ಟೆತಾಸ್ಕೋಪ್ ಇಡೋಕೆ ಹೋದ್ರೆ ಜಾರ್ತಾ ಇದೆ. ಎದೆಗೂ ಬೆಣ್ಣೆ ಸವರಿಕೊಂಡಿದ್ದ! ನಗಬಾರದು ಅಂತ ನಾನು ಸೆರಗು ಬಾಯಿಗಿಟ್ಟುಕೊಂಡೆ. ಡಾಕ್ಟ್ರು ನನ್ನ ಕಡೆ ನೋಡಿದ್ದೇ ತಡ, ಅವರಿಗೂ ತಡೆಯೋಕಾಗಲಿಲ್ಲ. ಆದ್ರೆ ಹೊರಗೆ ಬಂದ ಮೇಲೆ ಅವರ ಮುಖ ಸಣ್ಣಗಾಗಿತ್ತು. "ಸಿಸ್ಟರ್, ಹೀಗೇ ಆದ್ರೆ ಈ ಮನುಷ್ಯ ವರ್ಷ ದಾಟಲ್ಲ. ಅವನ ಹೆಂಡತಿಗೆ ಅರ್ಥ ಮಾಡಿಸೋ ಜವಾಬ್ದಾರಿ ನಿಮ್ಮದು" ಅಂದ್ರು.

ನಾನು ಹಿತ್ತಲ ಗೋಡೆ ಹತ್ತಿರ ನಿಂತು ಕೆಂಚಮ್ಮನಿಗೆ ಒಂದೊಂದಾಗಿ ಹೇಳಿದೆ. ತುಪ್ಪ ಬೇಡ, ಬೆಣ್ಣೆ ಬೇಡ, ಕೆನೆ ಬೇಡ, ಹಬ್ಬದ ಬಾಡಿನ ಕೊಬ್ಬು ಬೇಡ. ಅದಕ್ಕೆಲ್ಲ ಹೂಂ ಅಂದಳು. "ಎಣ್ಣೇನೂ ಸದ್ಯಕ್ಕೆ ಬೇಡ ಕಣಮ್ಮಾ. ಒಗ್ಗರಣೆ ಇಲ್ಲದೆ ಸಾರು ಮಾಡಿ" ಅಂದೆ ನೋಡಿ, ಆ ಹೆಂಗಸಿನ ಮುಖ ಕಪ್ಪಿಟ್ಟುಹೋಯ್ತು.

"ಒಗ್ಗರಣೆ ಇಲ್ದೆ?"

"ಹೂಂ."

"ಗಂಡ ಕಣ್ಮುಂದೆ ಕೂತಿರೋವಾಗ ಸಾವಿನ ಮನೆ ಅಡುಗೆ ಮಾಡಿ ಬಡಿಸ್ಲಾ? ಆ ಡಾಕ್ಟ್ರಿಗೆ ತಾಯಿ ಇಲ್ವಾ? ನಿನ್ನ ಬಾಯಲ್ಲಿ ಹೆಂಗೆ ಬಂತೇ ಈ ಮಾತು?" ಅಂದವಳು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು. ಅವತ್ತು ಸಂಜೆ ಅವಳ ಅಡುಗೆಮನೆಯಿಂದ ಒಗ್ಗರಣೆ ಶಬ್ದ ಬೀದಿಗೆಲ್ಲ ಕೇಳಿಸ್ತು. ಬೇಕಂತಲೇ ಎಣ್ಣೆ ಸುರಿದಿದ್ದಳು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಸಾರಿನ ರುಚಿ ನನಗೆ ಗೊತ್ತಿತ್ತಲ್ಲ. ಅದನ್ನ ಗಂಡನಿಗೆ ಬಡಿಸು ಅಂದ್ರೆ ಯಾರು ತಾನೇ ಬಡಿಸ್ತಾರೆ? ಹಾಗಂತ ಸುಮ್ಮನಿದ್ರೆ ನಿಜವಾಗ್ಲೂ ಸಾವಿನ ಅಡುಗೆ ಮಾಡೋ ದಿನ ಬರುತ್ತೆ. ಏನು ಮಾಡಬೇಕೋ ತಿಳೀದೆ ದಿನಾ ಗೋಡೆ ಕಡೆ ನೋಡ್ತಾ ಕೂರ್ತಿದ್ದೆ.

ಒಂದು ವಾರ ಕಳೆದಿರಬೇಕು. ಸಂಜೆ ಕೆಂಚಮ್ಮ ಸೀದಾ ನನ್ನ ಅಡುಗೆಮನೆಗೇ ನುಗ್ಗಿದಳು, ಜಗಳಕ್ಕೆ. ಗಂಡನಿಗೆ ಮತ್ತೆ ನೋವು ಬಂದಿತ್ತಂತೆ, "ನಿಮ್ಮ ಔಷಧೀಲಿ ಹುರುಳಿಲ್ಲ" ಅನ್ನೋದು ಅವಳ ವಾದ. ಬೈತಾ ಬೈತಾ ಒಲೆ ಮೇಲಿದ್ದ ನನ್ನ ಸಾರಿನ ಪಾತ್ರೆ ನೋಡಿದಳು. ಬೈಗುಳ ಅಲ್ಲೇ ನಿಂತ್ಹೋಯ್ತು.

"ಇದೇನಿದು, ಒಗ್ಗರಣೆ ಹಾಕಿಲ್ಲ?"

"ಹಾಕಲ್ಲ."

"ಯಾಕೆ, ಯಾರು ಹೋದ್ರು?"

"ಯಾರೂ ಹೋಗಿಲ್ಲ. ಒಬ್ಳಿಗೆ ಯಾಕೆ ಅಂತ."

"ದಿನಾ ಹಿಂಗೇ ತಿಂತೀಯಾ?"

"ಹೂಂ, ಗಂಡ ಹೋದಾಗಿಂದ ಹೀಗೇ" ಅಂದೆ. ಹಾಗೆ ಹೇಳಬೇಕು ಅಂತ ಇರಲಿಲ್ಲ, ಬಂದುಬಿಡ್ತು.

ಕೆಂಚಮ್ಮ ನನ್ನನ್ನೇ ನೋಡಿದಳು. ಆಮೇಲೆ ಕೂಗಿದ್ದು ನೋಡಿ, ಆಸ್ಪತ್ರೆವರೆಗೂ ಕೇಳಿಸಿರಬೇಕು: "ಅಯ್ಯೋ ನಿನ್ನ! ಸತ್ತೋನು ಸತ್ತ. ನೀನು ಬದುಕಿದ್ದೀಯಲ್ಲೇ! ಬದುಕಿರೋಳ ಮನೇಲಿ ಹಿಂಗಾ ಉಣ್ಣೋದು? ಎಲ್ಲೈತೆ ಎಣ್ಣೆ?"

"ಇಲ್ಲ."

"ತುಪ್ಪ?"

"ಎಲ್ಲಿಂದ ಬರಬೇಕು?"

"ಥೂ, ನಿನ್ನ ಸಂಸಾರಕ್ಕಿಷ್ಟು" ಅಂತ ನನ್ನ ಕಬ್ಬಿಣದ ಸೌಟು ಕಿತ್ತುಕೊಂಡು ಕೆಂಡದ ಮೇಲಿಟ್ಟಳು. ಮನೆಗೆ ಹೋಗಿ ಎಣ್ಣೆ ತರೋಷ್ಟು ತಾಳ್ಮೆ ಅವಳಿಗಿರಲಿಲ್ಲ. ಸೌಟು ಕೆಂಪಗೆ ಕಾಯ್ತಿದ್ದ ಹಾಗೆ, ನಾನು ಉಪ್ಪಿನಕಾಯಿಗೆ ಅಂತ ಇಟ್ಟಿದ್ದ ಸಾಸಿವೆ ಹಾಕಿದಳು, ಚಟಪಟ ಅಂತು. ಒಣಮೆಣಸಿನಕಾಯಿ ಮುರಿದು ಹಾಕಿದಳು, ಜಜ್ಜಿದ ಬೆಳ್ಳುಳ್ಳಿ, ಹಿತ್ತಲ ಗಿಡದ ಕರಿಬೇವು. ಸೌಟಿನ ಸಮೇತ ಸಾರಿಗೆ ಅದ್ದಿದಳು. ಚುಯ್ಯ್ ಅಂತು! ಎಣ್ಣೆ ಹಾಕಿದ್ರೆ ಹೇಗೋ ಹಾಗೇ. ಘಾಟು ಮೂಗಿಗೆ ಹೊಡೆದು ಇಬ್ಬರೂ ಸೀನಿದ್ವಿ.

ನನಗೆ ಆಗ ಹೊಳೀತು. "ಕೆಂಚಮ್ಮಾ, ಇದರಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ" ಅಂದೆ.

"ಅದ್ಕೇನೀಗ?"

"ಚುಯ್ ಅಂತಲ್ಲಾ?"

ಅವಳು ಸೌಟು ನೋಡಿದಳು, ಸಾರು ನೋಡಿದಳು. ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಅಲ್ಲೇ ಒಲೆ ಮುಂದೆ ಕೂತು ಅಳೋಕೆ ಶುರು ಮಾಡಿದಳು. "ನಂಗೆ ಅವ್ರನ್ನ ಬಿಟ್ರೆ ಯಾರವ್ರೆ ಹೇಳಮ್ಮಾ? ಹೆಂಗಾದ್ರೂ ಮಾಡಿ ಉಳಿಸ್ಕೋಬೇಕು" ಅಂದಳು. ನಾನು ಅವಳಿಗೆ ಊಟ ಬಡಿಸಿದೆ. ಆ ಕ್ವಾರ್ಟರ್ಸಲ್ಲಿ ನಾನು ಇನ್ನೊಬ್ಬರ ಜತೆ ಕೂತು ಉಂಡಿದ್ದು ಅದೇ ಮೊದಲು.

ಮಾರನೇ ದಿನ ಡಾಕ್ಟ್ರಿಗೆ ಹೇಳಿದೆ. ಅವರು ನಕ್ಕು "ಶಬ್ದಕ್ಕೆ ನನ್ನ ಅಭ್ಯಂತರ ಏನೂ ಇಲ್ಲ" ಅಂದ್ರು. ಅವತ್ತಿನಿಂದ ಆ ಮನೇಲಿ ಒಣ ಸೌಟಿನ ಒಗ್ಗರಣೆ. ಗಂಡನಿಗೊಂದು ತನಗೊಂದು ಅಂತ ಕೆಂಚಮ್ಮ ಮಾಡಲಿಲ್ಲ, ತಾನೂ ಅದನ್ನೇ ಉಂಡಳು. ತುಪ್ಪದ ಕಡಾಯಿ ಪಕ್ಕದಲ್ಲೇ ಕೂತು ತುಪ್ಪ ಇಲ್ಲದ ಅನ್ನ! ನನಗೂ ಒಂದು ಕಟ್ಟಪ್ಪಣೆ ಆಯ್ತು. "ಇನ್ಮೇಲೆ ಸಂಜೆ ನಿನ್ನ ಮನೆಯಿಂದ ಚುಯ್ ಅನ್ನೋದು ಗೋಡೆಯಾಚೆಗೆ ನಂಗೆ ಕೇಳ್ಬೇಕು. ಕೇಳ್ಲಿಲ್ವೋ, ಬದುಕಿದ್ದೀಯೋ ಇಲ್ವೋ ಅಂತ ಬಂದು ನೋಡ್ತೀನಿ" ಅಂದಳು. ಹೆದರಿಕೊಂಡು ಹಾಕ್ತಿದ್ದೆ ಒಗ್ಗರಣೆ. ಅಭ್ಯಾಸವಾಯ್ತು. ಆಮೇಲೆ ಅದಿಲ್ಲದೆ ಸಂಜೆ ಆಗ್ತಾನೇ ಇರಲಿಲ್ಲ.

ನನಗೂ ಅವರ ಮನೆ ಶಬ್ದ ಬೇಕಾಗಿತ್ತು. ವಾರ್ಡಿಂದ ಬಂದು ಕಾಲು ತೊಳೀತಿದ್ದ ಹಾಗೆ ಆಚೆ ಕಡೆ ಚುಯ್ ಅಂದ್ರೆ, ಸಣ್ಣರಂಗಪ್ಪ ಚೆನ್ನಾಗಿದಾನೆ, ಊಟಕ್ಕೆ ಕೂರ್ತಾನೆ ಅಂತ ಸಮಾಧಾನ. ನಾಡಿ ಹಿಡಿದು ನೋಡೋದಕ್ಕಿಂತ ಅದೇ ಗಟ್ಟಿ ಅನ್ನಿಸ್ತಿತ್ತು.

ಅವನು ಮನಸ್ಸು ಮಾಡಿ ಪಥ್ಯ ಹಿಡಿದ. ಬೆಣ್ಣೆ ವ್ಯಾಪಾರ ಮಾತ್ರ ಬಿಡಲಿಲ್ಲ. ಮೊದಲು ನಾಲಿಗೆಗೆ ಇಟ್ಟು ನೋಡ್ತಿದ್ದೋನು ಈಗ ಮೂಸಿ ನೋಡ್ತಿದ್ದ. "ಮೂಸಿದ್ರೆ ತಪ್ಪಿಲ್ವಲ್ಲಾ ನರ್ಸಮ್ಮಾ?" ಅಂತ ಗೋಡೆಯಾಚೆಯಿಂದ ಕೇಳೋನು. "ಮೂಗು ಒಳಕ್ಕೆ ಹೋಗದ ಹಾಗೆ ಮೂಸಿ" ಅಂತ ನಾನು.

ಕೆಂಚಮ್ಮನ ಅಣ್ಣ ಒಂದು ಸಲ ದಾವಣಗೆರೆಯಿಂದ ವನಸ್ಪತಿ ತಂದ, ನಾವೆಲ್ಲ ಡಬ್ಬದ ತುಪ್ಪ ಅಂತಿದ್ವಲ್ಲ, ಅದು. ಗಿಡದ ಎಣ್ಣೆಯಿಂದ ಮಾಡಿದ್ದು, ಎದೆಗೆ ಏನೂ ಮಾಡಲ್ಲ ಅಂದ. ನಮ್ಮ ಡಾಕ್ಟ್ರೂ ಆಗ "ಸ್ವಲ್ಪ ಬಳಸಿದ್ರೆ ಪರವಾಗಿಲ್ಲವೇನೋ" ಅಂದ್ರು, ನಾನೂ ತಲೆ ಆಡಿಸಿದೆ. ಸಣ್ಣರಂಗಪ್ಪ ಮಾತ್ರ ಡಬ್ಬ ಹೊಸಿಲು ದಾಟೋಕೆ ಬಿಡಲಿಲ್ಲ. "ಬೆಣ್ಣೆ ವ್ಯಾಪಾರದೋನು ನಾನು, ಇದನ್ನ ತಿಂದು ಬದುಕಬೇಕಾ? ಒಣಗೇ ತಿಂತೀನಿ ಹೋಗು" ಅಂತ ಭಾವಮೈದನ ಕೈಗೇ ಡಬ್ಬ ವಾಪಸ್ ಕೊಟ್ಟ. ಆ ಗಟ್ಟಿ ಕೊಬ್ಬು ಹೃದಯಕ್ಕೆ ಎಂಥ ಕೇಡು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು, ಈಗಿನ ಡಾಕ್ಟ್ರುಗಳು ಮೊದಲು ಬಿಡಿಸೋದೇ ಅದನ್ನ. ಅವನನ್ನ ಕಾಪಾಡಿದ್ದು ಅವನ ಜಂಬ. ಎಣ್ಣೆ ಅಂದ್ರೆ ಪೂರ್ತಿ ವಿಷ ಅಲ್ಲ, ಸ್ವಲ್ಪ ಬೇಕು, ಯಾವ ಎಣ್ಣೆ ಅನ್ನೋದು ಮುಖ್ಯ ಅಂತಲೂ ಈಗ ಹೇಳ್ತಾರೆ. ನಾವು ಅವರಿಗೆ ಒಂದೆರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟಿದ್ರೆ ತಪ್ಪೇನೂ ಆಗ್ತಿರಲಿಲ್ಲ. ಏನು ಮಾಡೋದು, ನಮಗೆ ಗೊತ್ತಿದ್ದಷ್ಟರಲ್ಲಿ ಮಾಡಿದ್ವಿ. ನೀವೂ ಅಷ್ಟೇ, ನಿಮಗೆ ಗೊತ್ತಿರೋದೂ ನಾಳೆ ಬದಲಾಗುತ್ತೆ, ನೆನಪಿಟ್ಕೊಳ್ಳಿ.

ವರ್ಷ ದಾಟಲ್ಲ ಅಂದ ಮನುಷ್ಯ ಐದಾರು ವರ್ಷ ಬದುಕಿದ. ಆ ಹೊತ್ತಿಗೆ ಚಿಕ್ಕ ಡಾಕ್ಟ್ರು ವರ್ಗವಾಗಿ ಹೋಗಿದ್ರು.

ಒಂದು ಸಂಜೆ ಕಾಲು ತೊಳ್ಕೊಂಡು ಒಲೆ ಹಚ್ಚಿದೆ. ಆಚೆ ಕಡೆ ಶಬ್ದ ಇಲ್ಲ. ಸಂತೆಯಿಂದ ಬರೋದು ತಡವಾಗಿರಬೇಕು ಅಂದ್ಕೊಂಡು ನನ್ನ ಸೌಟು ಕೆಂಡದ ಮೇಲಿಟ್ಟೆ. ಸೌಟು ಕಾದು ಕೆಂಪಾಯ್ತು. ಇನ್ನೂ ಇಲ್ಲ. ಸೌಟು ಅಲ್ಲೇ ಬಿಟ್ಟು ಗೋಡೆ ಹತ್ತಿ ದಾಟಿದೆ. ಹಿತ್ತಲ ಬಾಗಿಲು ತೆರೆದಿತ್ತು. ಸಣ್ಣರಂಗಪ್ಪ ಗೋಡೆಗೆ ಒರಗಿ ಕೂತಿದ್ದ, ಕೆಂಚಮ್ಮ ಮೊರದಲ್ಲಿ ಗಾಳಿ ಹಾಕ್ತಿದ್ದಳು. "ಸೆಕೆ ಅಂದ್ರು ಕಣಮ್ಮಾ, ಸೆಕೆ ಅಂದ್ರು ಅಷ್ಟೇ" ಅಂತಿದ್ದಳು. ನಾನು ಅವನ ಮಣಿಕಟ್ಟು ಹಿಡಿದೆ. ಹಿಡಿದು ಬಹಳ ಹೊತ್ತು ಬಿಡಲಿಲ್ಲ, ಬಿಟ್ರೆ ಅವಳಿಗೆ ಹೇಳಬೇಕಾಗುತ್ತಲ್ಲ ಅಂತ.

ತಿಥಿವರೆಗೂ ಆ ಮನೇಲಿ ಒಗ್ಗರಣೆ ಇರಲಿಲ್ಲ. ನಾನೂ ಹಾಕಲಿಲ್ಲ. ನಾನು ಅವರಿಗೆ ನೆಂಟಳಲ್ಲ, ಜಾತಿಯೋಳೂ ಅಲ್ಲ. ಆದ್ರೂ ಕೈ ಬರಲಿಲ್ಲ.

ತಿಥಿಯ ದಿನ ಮನೆ ತುಂಬ ನೆಂಟರು. ಅಡುಗೆಗೆ ಮತ್ತೆ ಒಗ್ಗರಣೆ ಬೀಳೋ ದಿನ ಅದು. ಹಿರಿಯ ಹೆಂಗಸೊಬ್ಬಳು "ಮೊದ್ಲು ನೀನೇ ಹಾಕು ಕೆಂಚೀ" ಅಂತ ಅವಳನ್ನ ಒಲೆ ಮುಂದೆ ಕೂರಿಸಿದಳು. ಕೆಂಚಮ್ಮ ಸೌಟು ತಗೊಂಡು ಕೆಂಡದ ಮೇಲಿಟ್ಟಳು, ಸಾಸಿವೆ ಡಬ್ಬಕ್ಕೆ ಕೈ ಹಾಕಿದಳು. "ಅಯ್ಯೋ, ಎಣ್ಣೆ ಹಾಕ್ಲಿಲ್ವಲ್ಲೇ!" ಅಂತ ನಾಲ್ಕು ಜನ ಒಟ್ಟಿಗೆ ಕೂಗಿದ್ರು. ಅವಳ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ನರ್ಸಮ್ಮಾ, ಇನ್ಮೇಲೆ ಎಷ್ಟು ಬೇಕಾದ್ರೂ ಎಣ್ಣೆ ಹಾಕಬಹುದು, ಅಲ್ವಾ?" ಅಂದಳು.

ಎಷ್ಟೋ ಜನರಿಗೆ ಎಷ್ಟೋ ಸುದ್ದಿ ಹೇಳಿದೀನಿ ನಾನು ಈ ಕೆಲಸದಲ್ಲಿ. "ಹಾಕಬಹುದು ಕಣಮ್ಮಾ" ಅನ್ನೋಕೆ ಪಟ್ಟಷ್ಟು ಕಷ್ಟ ಬೇರೆ ಯಾವುದಕ್ಕೂ ಪಟ್ಟಿಲ್ಲ.

ನೆಂಟರು ಹೊರಟುಹೋದ್ರು. ಅದಾದ ಮೇಲೆ ಸಂಜೆ ಸಂಜೆ ನಾನು ಕಿವಿಕೊಟ್ಟು ಕೂತ್ರೆ ಆ ಕಡೆಯಿಂದ ಸದ್ದೇ ಇಲ್ಲ. ಮೂರ್ನಾಲ್ಕು ದಿನ ನೋಡಿ ಗೋಡೆ ದಾಟಿ ಹೋದೆ. ಕೆಂಚಮ್ಮ ತಟ್ಟೆ ಮುಂದೆ ಕೂತಿದ್ದಳು. ಅನ್ನ, ಬೇಳೆ ನೀರು.

"ಯಾಕೆ ಒಗ್ಗರಣೆ ಇಲ್ಲ?" ಅಂದೆ.

"ಒಬ್ಳಿಗೆ ಯಾಕೆ ಅಂತ" ಅಂದಳು.

ಅವಳು ನನಗೆ ಬೈದ ಬೈಗುಳ ಒಂದೊಂದೂ ನೆನಪಿತ್ತು. ತಿರುಗಿಸಿ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಸೌಟು ತಗೊಂಡು ಕೆಂಡಕ್ಕಿಟ್ಟೆ. ಎಣ್ಣೆ ಗಿಂಡಿ ಪಕ್ಕದಲ್ಲೇ ಇತ್ತು, ಇಬ್ಬರೂ ಮುಟ್ಟಲಿಲ್ಲ. ಚುಯ್ ಅಂದ ಮೇಲೆ ಅವಳು "ಕರಿಬೇವು ಸೀದು ಹೋಯ್ತು, ನಿಂಗೆ ಇನ್ನೂ ಬರಲ್ಲ ನೋಡು" ಅಂತ ಸೌಟು ಕಿತ್ತುಕೊಂಡಳು. ಮಾರನೇ ಸಂಜೆಯಿಂದ ಗೋಡೆಯಾಚೆ ಮತ್ತೆ ಶಬ್ದ ಶುರುವಾಯ್ತು. ಮೊದಲು ಅವಳದು, ಆಮೇಲೆ ನನ್ನದು. ನಾವು ಹೆಚ್ಚು ಮಾತಾಡ್ತಿರಲಿಲ್ಲ. ಅಷ್ಟು ಸಾಕಾಗಿತ್ತು.

ಅರವತ್ತರ ದಶಕ ಮುಗಿಯೋ ಹೊತ್ತಿಗೆ ನನ್ನನ್ನ ಮತ್ತೆ ಕಡೂರಿಗೆ ಹಾಕಿದ್ರು. ಬೇಡ ಅಂತ ಕೇಳಿಕೊಂಡೆ, ಸಂಸಾರ ಇಲ್ಲದೋಳಿಗೆ ಯಾವ ಊರಾದ್ರೇನು ಅಂದ್ರು. ಹೊರಡೋ ಹಿಂದಿನ ಸಂಜೆ ಪಾತ್ರೆ ಪಗಡೆ ಎಲ್ಲ ಟ್ರಂಕಿಗೆ ತುಂಬಿ ಹಗ್ಗ ಬಿಗಿದಿದ್ದೆ. ಸೌಟೂ ಅದರೊಳಗೇ ಇತ್ತು. ಒಲೆ ಬೂದಿ ತೆಗೆದು ಸಾರಿಸಿಬಿಟ್ಟಿದ್ದೆ. ಖಾಲಿ ಅಡುಗೆಮನೇಲಿ ಗೋಡೆಗೆ ಒರಗಿ ಕೂತಿದ್ದೆ.

ಆಚೆ ಕಡೆ ಚುಯ್ ಅಂತು.

ನಾನು ಏನು ತಿರುಗಿ ಹೇಳಲಿ? ಬೆಂಕಿ ಇಲ್ಲ, ಸೌಟು ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಚುಯ್ ಅಂತು. ನಾನು ಕೂತೇ ಇದ್ದೆ. ಆಮೇಲೆ ಹಿತ್ತಲಲ್ಲಿ ಹೆಜ್ಜೆ ಸದ್ದು ಕೇಳಿಸ್ತು, ಬಾಗಿಲಿಂದ ನೋಡಿದ್ರೆ ಹಿತ್ತಲ ಗೋಡೆ ಮೇಲೆ ಊರಿದ, ಕೈಬಳೆ ಇಲ್ಲದ ಎರಡು ಕೈ ಕಾಣಿಸಿದ್ವು.

"ಲೇ ನರ್ಸಮ್ಮಾ, ಬದುಕಿದ್ದೀಯೇನೇ?"

"ಬದುಕಿದ್ದೀನಿ ಕಣಮ್ಮಾ" ಅಂದೆ.

ಅದಾದ ಮೇಲೆ ನನ್ನನ್ನ ಹಾಗೆ ಯಾರೂ ಕೇಳಿಲ್ಲ.